ಸದುವಿನಲ್ಲಿ ಕಾಣುವ ಗೋಪುರ



ಕುವೈತಿನ ಕೊಲ್ಲಿ ರಸ್ತೆಯಲ್ಲಿ, ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಮೀಪದಲ್ಲಿರುವ ಸದು ಭವನವನ್ನು ನಮ್ಮಲ್ಲಿ ಹಲವರು ಸಂದರ್ಶಿಸಿರುತ್ತೇವೆ. ಅಲ್ಲಿ ಬೆದೂಯಿನ್ ಸ್ತ್ರೀಯರು ನೆಯ್ದ ಉಣ್ಣೆಯ ಪಟ್ಟಿಗಳ ಮುಂದೆ ನಿಂತ ಧಾರವಾಡದ ಕಡೆಯವರಿಗೆ ಒಡನೆಯೇ ಕಸೂತಿಯ ಗೋಪುರ, ತೇರು, ತುಳಸಿಕಟ್ಟೆಗಳು ನೆನಪಾಗುತ್ತವೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಆ ತ್ರಿಕೋನಗಳನ್ನು ಕಂಡು, ಎರಡು ನಾಡುಗಳ ನಡುವೆ ಪ್ರಾಚೀನ ಸಂಬಂಧವೊಂದನ್ನು ಕಲ್ಪಿಸಿಕೊಳ್ಳಲು ಮನಸ್ಸು ಹಾತೊರೆಯುತ್ತದೆ. ಅದು ಅವಸರದ ತೀರ್ಮಾನವೆಂದು ನಮ್ಮ ಅಭಿಪ್ರಾಯ. ಸದುವಿನ ಮಗ್ಗ ನೆಲಕ್ಕೆ ಹೂಡಿದ ಗೂಟಗಳ ನಡುವೆ ಬಿಗಿದ ಹಾಸಿನ ನೂಲುಗಳಷ್ಟೇ. ನೇಕಾರಳು ಬೆರಳಿನಿಂದ ಎಳೆಗಳನ್ನು ಎಣಿಸಿ ಎತ್ತುತ್ತಾಳೆ. ಕಸೂತಿಯಲ್ಲಿಯೂ ಬಟ್ಟೆಯ ಎಳೆಗಳನ್ನು ಎಣಿಸಿಯೇ ಗವಂತಿ, ಮುರಗಿ ಹೊಲಿಗೆಗಳನ್ನು ಹಾಕಬೇಕು. ಎಣಿಕೆಯ ಕಲೆಯಲ್ಲಿ ವಕ್ರರೇಖೆ ಸುಲಭವಾಗಿ ಮೂಡದು. ಆದ್ದರಿಂದ ಆಕೃತಿ ಕೈಗೆಲಸದ ಫಲ. ಗೋಪುರ ನಮ್ಮ ಕಣ್ಣಿನದು. ಸದುವಿನ ಪ್ರಮುಖ ವಿನ್ಯಾಸವೊಂದನ್ನು ಅಲ್ಲಿಯವರು 'ಶಜರಾ', ಎಂದರೆ ಮರ, ಎಂದು ಕರೆಯುತ್ತಾರೆ.

ಬಣ್ಣದ ವಿಷಯವೂ ಹೀಗೆಯೇ. ಕಪ್ಪು ಉಣ್ಣೆಯನ್ನು ಕಂಡಾಗ, ಶುಭಕಾರ್ಯಕ್ಕೆ ಕಪ್ಪು ಸಲ್ಲದೆಂದು ಕೇಳಿ ಬೆಳೆದವರು ಹುಬ್ಬೇರಿಸುತ್ತಾರೆ. ಆದರೆ ಉತ್ತರ ಕರ್ನಾಟಕದಲ್ಲಿ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಮದುಮಗಳಿಗೆ ಸಲ್ಲುವ ಉಡುಗೆ. ಕುರಿಸಾಕಣೆಯ ಹಾಲುಮತದವರಿಗಂತೂ ಕರಿಯ ಕಂಬಳಿ ಪೂಜೆಗೆ ಹಾಸುವ ಗದ್ದುಗೆ. ಬೆದೂಯಿನರಿಗೆ ಕಪ್ಪು ಮೇಕೆಗೂದಲಿನ ಡೇರೆಯೇ ಮನೆ: ನೆನೆದಾಗ ಎಳೆಗಳು ಉಬ್ಬಿ ಮಳೆಯನ್ನು ತಡೆಯುವ ಮನೆ.

ಆ ಡೇರೆಯೊಳಗೆ ಅತಿಥಿಗಳ ಭಾಗವನ್ನೂ ಸ್ತ್ರೀಯರ ಭಾಗವನ್ನೂ ಬೇರ್ಪಡಿಸುತ್ತಿದ್ದುದು ಸದುವಿನ ಪರದೆ. ಹೊರಗಿನಿಂದ ಬಂದವನಿಗೆ ಅದು ಒಳಗೆ ಕಾಣದ ಗೃಹಿಣಿಯ ಕೈಚಳಕದ ಪರಿಚಯ. ಒಳಗಿದ್ದವಳಿಗೆ ತಿಂಗಳುಗಳ ದುಡಿಮೆ. 1946ರಲ್ಲಿ ತೈಲದ ರಫ್ತು ಆರಂಭವಾದ ಮೇಲೆ ಬೆದೂಯಿನರು ಕ್ರಮೇಣ ಪಟ್ಟಣಗಳಲ್ಲಿ ನೆಲೆಸಿದರು. ಡೇರೆ ಹೋಯಿತು, ಪರದೆಗೆ ಕೆಲಸ ತಪ್ಪಿತು. 1979ರಲ್ಲಿ ಸದುವನ್ನು ಉಳಿಸುವ ಪ್ರಯತ್ನ ಕುವೈತಿನಲ್ಲಿ ಆರಂಭವಾಯಿತು. 2020ರಲ್ಲಿ ಸೌದಿ ಅರೇಬಿಯಾ ಮತ್ತು ಕುವೈತುಗಳ ಸದು ಯುನೆಸ್ಕೋ ಪಟ್ಟಿಯನ್ನು ಸೇರಿತು. ಇಂದು ಪರದೆ ಗೋಡೆಯ ಮೇಲೆ ಚಿತ್ರದಂತೆ ತೂಗುತ್ತದೆ. ಒಳ, ಹೊರ ಎಂಬ ಎರಡು ಬದಿಗಳಿದ್ದ ವಸ್ತುವನ್ನು ನಾವೆಲ್ಲರೂ ಈಗ ಒಂದೇ ಬದಿಯಿಂದ ನೋಡುತ್ತಿದ್ದೇವೆ.

ಇಲ್ಲಿಯೇ ಬೆಳೆದ ನಮ್ಮ ಮಕ್ಕಳ ದೃಷ್ಟಿ ಬೇರೆಯೇ ಇದ್ದೀತು. ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಪೆಟ್ಟಿಗೆಯಿಂದ ಹೊರಬಂದ ಚಂದ್ರಕಾಳಿಯನ್ನು ನೋಡಿ "ಇದು ಸದು" ಎಂದರೆ ಅಜ್ಜಿ ಏನೆಂದಾಳು? ಗೋಪುರದ ಹೆಸರನ್ನು ಹೇಳಿಕೊಡಲು ಅವಳು ಇನ್ನೂ ಇದ್ದಾಳೆ; ಶಜರಾ ಎಂದರೇನೆಂದು ಅವಳಿಗೆ ಹೇಳಬಲ್ಲವನು ಮೊಮ್ಮಗನೊಬ್ಬನೇ.