ನಿಜಾಮರ ನಗರದಲ್ಲಿ ಕ್ಲೋರೋಫಾರ್ಮ್ ವಿಚಾರಣೆ

ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಹೈದರಾಬಾದಿನ ಗಾದಿಯಲ್ಲಿದ್ದ ಕಾಲ. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಅವರ ಸಂಸ್ಥಾನಕ್ಕೇ ಸೇರಿದ್ದವು. ನಲವತ್ತು ವರ್ಷಗಳಿಂದ ಇಂಗ್ಲೆಂಡು, ಸ್ಕಾಟ್ಲೆಂಡುಗಳ ವೈದ್ಯರು ಬಡಿದಾಡುತ್ತಿದ್ದ ಒಂದು ವ್ಯಾಜ್ಯ ಕಡಲು ದಾಟಿ ಆ ರಾಜಧಾನಿಗೆ ಬಂತು. ವ್ಯಾಜ್ಯ ಇಷ್ಟೇ: ಕ್ಲೋರೋಫಾರ್ಮ್ ಕೊಟ್ಟ ರೋಗಿ ಮೇಜಿನ ಮೇಲೆಯೇ ಸತ್ತರೆ, ಮೊದಲು ನಿಂತದ್ದು ಉಸಿರೋ ಹೃದಯವೋ?

ಇದರ ಮೂಲ 1848ರ ಜನವರಿಯಲ್ಲಿದೆ. ಎಡಿನ್‌ಬರಾದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದು ಮೂರು ತಿಂಗಳೂ ತುಂಬಿರಲಿಲ್ಲ. ನ್ಯೂಕಾಸಲ್ ಬಳಿಯ ಹಳ್ಳಿಯೊಂದರಲ್ಲಿ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿಯ ಕಾಲುಬೆರಳಿನ ಉಗುರು ಕೀಳಬೇಕಿತ್ತು. ಹುಡುಗಿ ಹೆದರಿ ಅಳುತ್ತಿದ್ದಳು. ಬಟ್ಟೆಯ ಮೇಲೆ ಒಂದು ಚಮಚದಷ್ಟು ದ್ರವ ಸುರಿದು ಮೂಗಿಗೆ ಹಿಡಿದರು. ಕತ್ತಿ ತಾಕಿಸಿದಾಗ ಆಕೆ ಒಮ್ಮೆ ಕೊಸರಿದಳು. ಆಮೇಲೆ ತುಟಿ ಬಿಳಿಚಿತು, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಯಿತು. ಉಗುರು ಕೀಳಲು ಬಂದವರು ಹೆಣ ಬಿಟ್ಟು ಹೋದರು ಎಂಬ ಸುದ್ದಿ ಊರೂರು ಸುತ್ತಿತು. ಲಂಡನ್ನಿನ ಜಾನ್ ಸ್ನೋ ಕಾರಣ ಹೃದಯವೆಂದರು; ಸಿಂಪ್ಸನ್ ಅದನ್ನು ಒಪ್ಪಲಿಲ್ಲ. ಲಂಡನ್ನಿನ ಪಂಥದವರು ಅಂದಿನಿಂದ ನಾಡಿಯ ಮೇಲೆ ಬೆರಳಿಟ್ಟೇ ಅರಿವಳಿಕೆ ಕೊಟ್ಟರು. ಎಡಿನ್‌ಬರಾದ ಜೇಮ್ಸ್ ಸೈಮ್ ಮಾತ್ರ ತಮ್ಮ ಶಿಷ್ಯರಿಗೆ ನಾಡಿಯ ಗೊಡವೆಯೇ ಬೇಡ, ಉಸಿರು ನೋಡಿ ಎಂದು ಕಲಿಸಿದರು.

ಆ ಶಿಷ್ಯರಲ್ಲೊಬ್ಬರು ಎಡ್ವರ್ಡ್ ಲಾರಿ. ಮುಂದೆ ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ನರಾಗಿ, ಅಲ್ಲಿನ ವೈದ್ಯಶಾಲೆಯ ಮುಖ್ಯಸ್ಥರಾಗಿ ಬಂದವರು ಇವರೇ. ಗುರುವಾಕ್ಯವನ್ನು ವೇದವಾಕ್ಯವಾಗಿ ತಂದವರು ಎಂದರೂ ಸಲ್ಲುತ್ತದೆ. ಬಟ್ಟೆಯ ಶಂಕುವಿನಾಕಾರದ ಟೋಪಿಯೊಳಗೆ ಕ್ಲೋರೋಫಾರ್ಮ್ ಹನಿಸಿ ಮೂಗಿನ ಮುಂದೆ ಹಿಡಿಯುವುದು, ಗಾಳಿ ಧಾರಾಳವಾಗಿ ಆಡುವಂತೆ ನೋಡಿಕೊಳ್ಳುವುದು, ಕಣ್ಣನ್ನು ರೋಗಿಯ ಎದೆ ಹೊಟ್ಟೆಗಳ ಏರಿಳಿತದಿಂದ ಕೀಳದಿರುವುದು: ಇದು ಲಾರಿಯವರ ಪದ್ಧತಿ. ಸಾವಿರಾರು ಜನಕ್ಕೆ ಹೀಗೆ ಕೊಟ್ಟೆ, ಒಂದು ಸಾವೂ ಆಗಲಿಲ್ಲ ಎಂಬುದು ಅವರ ಹೆಮ್ಮೆ. ಅವರ ವಿದ್ಯಾರ್ಥಿಗಳ ಪೈಕಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ತರುಣಿಯೂ ಇದ್ದರು. ಅರಿವಳಿಕೆ ಕೊಡುವುದನ್ನೇ ವೃತ್ತಿ ಮಾಡಿಕೊಂಡ ಮೊದಲ ಮಹಿಳೆಯರಲ್ಲಿ ಈಕೆಯದು ಎದ್ದು ಕಾಣುವ ಹೆಸರು. ಲಾರಿಯವರ ಬಗ್ಗೆ ಬರೆದವರೆಲ್ಲ ರೂಪಾಬಾಯಿಯನ್ನು ಅಡಿಟಿಪ್ಪಣಿಗೆ ತಳ್ಳಿಬಿಡುವುದು ನನಗೆ ಸರಿಕಾಣುವುದಿಲ್ಲ. ಟೋಪಿ ಹಿಡಿದು ಕೂತ ಕೈಗಳು ಅಂಥವರವೇ.

ನಂಬಿಕೆಗೆ ಪ್ರಮಾಣ ಬೇಕಲ್ಲ. 1888ರಲ್ಲಿ ನಿಜಾಮ್ ಸರ್ಕಾರದ ಖರ್ಚಿನಲ್ಲಿ ಮೊದಲ ಆಯೋಗ ಕೂತಿತು. ನೂರಕ್ಕೂ ಹೆಚ್ಚು ಬೀದಿನಾಯಿಗಳಿಗೆ ಸಾಯುವ ತನಕ ಕ್ಲೋರೋಫಾರ್ಮ್ ಕೊಟ್ಟು ನೋಡಿದರು. ಉಸಿರು ಮೊದಲು ನಿಂತಿತು, ಹೃದಯ ಆಮೇಲೆ. ಲಾರಿಯವರು ಗೆದ್ದೆನೆಂದರು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಮೂಗು ಮುರಿಯಿತು. ಆಗ ದರಬಾರು ತೋರಿದ ಠೀವಿ ನೋಡಿ: ನಿಮಗೆ ನಂಬಿಕೆ ಇಲ್ಲವೆ, ನಿಮ್ಮವರನ್ನೇ ಕಳಿಸಿ ಎಂದು ಆ ಪತ್ರಿಕೆಗೇ ಸಾವಿರ ಪೌಂಡು ಕೊಟ್ಟಿತು.

ಲ್ಯಾನ್ಸೆಟ್ ಆರಿಸಿದ್ದು ಸಾಮಾನ್ಯರನ್ನಲ್ಲ. ಥಾಮಸ್ ಲಾಡರ್ ಬ್ರಂಟನ್ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ವೈದ್ಯರು, ಎದೆಶೂಲೆಗೆ ಅಮೈಲ್ ನೈಟ್ರೈಟನ್ನು 1867ರಲ್ಲೇ ಕೊಟ್ಟು ತೋರಿಸಿದವರು, ಔಷಧಶಾಸ್ತ್ರದ ದೊಡ್ಡ ಗ್ರಂಥ ಬರೆದವರು. ಕ್ಲೋರೋಫಾರ್ಮ್ ಹೃದಯವನ್ನೂ ನಿಲ್ಲಿಸಬಲ್ಲದು ಎಂಬ ಪಕ್ಷದವರು ಬೇರೆ. ಎದುರಾಳಿಯನ್ನೇ ತೀರ್ಪುಗಾರನಾಗಿ ಕರೆತಂದಂತಾಯಿತು. 1889ರ ಅಕ್ಟೋಬರಿನಲ್ಲಿ ಬ್ರಂಟನ್ ಹೈದರಾಬಾದಿಗೆ ಬಂದಿಳಿದರು.

ಎರಡು ತಿಂಗಳ ಆ ಪ್ರಯೋಗ ಸಣ್ಣದಲ್ಲ. ನಾಯಿ, ಕೋತಿ, ಮೇಕೆ, ಕುದುರೆ, ಬೆಕ್ಕು, ಮೊಲ, ಒಟ್ಟು ನಾನೂರಕ್ಕೂ ಹೆಚ್ಚು ಪ್ರಾಣಿಗಳು. ದೀಪದ ಹೊಗೆಯಲ್ಲಿ ಕಪ್ಪಾಗಿಸಿದ ನುಣುಪು ಕಾಗದವನ್ನು ಉರುಳೆಗೆ ಸುತ್ತಿ ಗಡಿಯಾರದ ಯಂತ್ರದಿಂದ ಮೆಲ್ಲಗೆ ತಿರುಗಿಸುತ್ತಿದ್ದರು. ಪ್ರಾಣಿಯ ರಕ್ತನಾಳಕ್ಕೆ ಪಾದರಸದ ಕೊಳವೆಯ ಜೋಡಣೆ. ರಕ್ತದ ಒತ್ತಡ ಏರಿಳಿದಂತೆ ಪಾದರಸ ಏರಿಳಿದು, ಅದರ ಮೇಲಿನ ಮುಳ್ಳು ಕಾಡಿಗೆಯನ್ನು ಕೆರೆದು ಬಿಳಿ ಅಲೆ ಬರೆಯುತ್ತಿತ್ತು. ಅಲೆ ತಗ್ಗುತ್ತ ತಗ್ಗುತ್ತ ಗೆರೆಯಾದರೆ ಪ್ರಾಣಿ ಸತ್ತಿತೆಂದು ಅರ್ಥ. ಕೆಲವು ನಾಯಿಗಳಿಗೆ ಮೊದಲೇ ರಂಜಕ ತಿನ್ನಿಸಿ ಹೃದಯವನ್ನು ರೋಗಗ್ರಸ್ತ ಮಾಡಿ ಪರೀಕ್ಷಿಸಿದರು. ಇಂದು ಓದುವಾಗ ಕರುಳು ಚುರುಕ್ಕೆನ್ನುತ್ತದೆ. ಅಂದಿನವರಿಗೆ ಅದು ವಿಜ್ಞಾನದ ದಿನನಿತ್ಯ.

ಉತ್ತರ ಅದೇ ಬಂತು. ಬ್ರಂಟನ್ ಲಂಡನ್ನಿಗೆ ತಂತಿ ಕಳಿಸಿದರು: ಅಪಾಯ ಉಸಿರುಕಟ್ಟುವಿಕೆಯಿಂದ, ಅತಿಪ್ರಮಾಣದಿಂದ, ಹೃದಯಕ್ಕೆ ನೇರ ಪೆಟ್ಟಿಲ್ಲ. ಹಳೆಯ ಮತ ಬಿಟ್ಟು ಕಂಡದ್ದನ್ನು ಹೇಳಿದ ಅವರ ಪ್ರಾಮಾಣಿಕತೆ ದೊಡ್ಡದು. ಆದರೆ ತೀರ್ಪು ಅರ್ಧ ಸತ್ಯ.

ಅರ್ಧ ಏಕೆಂದರೆ, ಹೈದರಾಬಾದಿನ ಪ್ರಾಣಿಗಳು ಸತ್ತದ್ದು ಗಾಢ ನಿದ್ರೆಯಲ್ಲಿ, ಅತಿಪ್ರಮಾಣ ಏರಿ. ಮೆದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರವನ್ನು ಮದ್ದು ಮಲಗಿಸುತ್ತದೆ, ಎದೆಯಾಟ ನಿಲ್ಲುತ್ತದೆ, ಆಮೇಲೆ ಹೃದಯ ಸೋಲುತ್ತದೆ. ಇದು ಒಂದು ಬಗೆಯ ಸಾವು. ಹ್ಯಾನಾ ಗ್ರೀನರ್ ಸತ್ತದ್ದು ಇನ್ನೊಂದು ಬಗೆ: ಮಂಪರು ಇನ್ನೂ ಹತ್ತುತ್ತಿರುವಾಗಲೇ, ಹೆದರಿಕೆಯ ನಡುವೆ, ಒಂದು ಚಮಚದಲ್ಲಿ. ಆಯೋಗ ಅದನ್ನು ಹುಡುಕಿದ್ದು ತಪ್ಪಾದ ಜಾಗದಲ್ಲಿ. 1893ರಲ್ಲಿ ಕೇಂಬ್ರಿಜ್‌ನ ಗ್ಯಾಸ್ಕೆಲ್ ಮತ್ತು ಶೋರ್ ಹೈದರಾಬಾದಿನ ವರದಿಯನ್ನು ಟೀಕಿಸಿ, ಕ್ಲೋರೋಫಾರ್ಮ್ ಹೃದಯವನ್ನು ನೇರವಾಗಿಯೇ ಕುಗ್ಗಿಸುತ್ತದೆ ಎಂದು ತೋರಿಸಿದರು.

ಗಂಟು ಬಿಚ್ಚಿದ್ದು 1911ರಲ್ಲಿ, ಗುಡ್‌ಮನ್ ಲೆವಿ. ಬೆಕ್ಕಿಗೆ ಕ್ಲೋರೋಫಾರ್ಮ್ ತೆಳುವಾಗಿ ಕೊಟ್ಟು, ಅಡ್ರಿನಲಿನ್ ಚುಚ್ಚಿದರು. ಹೃದಯದ ಕೆಳಗಿನ ಕೋಣೆಗಳು ತಾಳ ತಪ್ಪಿ ಅದುರಿ, ರಕ್ತ ಒತ್ತುವುದನ್ನೇ ಬಿಟ್ಟವು. ಗಾಬರಿಯಾದಾಗ ನಮ್ಮ ಮೈ ತಾನೇ ಸುರಿಸುವುದು ಅದೇ ಅಡ್ರಿನಲಿನ್. ಕ್ಲೋರೋಫಾರ್ಮ್ ತಾಕಿದ ಹೃದಯಕ್ಕೆ ಅದು ಎಂದಿಗಿಂತ ಬಿರುಸಾಗಿ ನಾಟುತ್ತದೆ. ಅಳುತ್ತಿದ್ದ ಹುಡುಗಿ, ಅರೆಬರೆ ಮಂಪರು, ಕತ್ತಿಯ ಮೊದಲ ಗೀರು: ಹ್ಯಾನಾಳ ಸಾವಿಗೆ ಇದಕ್ಕಿಂತ ಸರಿಹೊಂದುವ ವಿವರಣೆ ನನಗಂತೂ ಕಾಣದು.

ಲಾರಿಯವರನ್ನು ಹಠಮಾರಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಹಗುರ ಕೈ, ಧಾರಾಳ ಗಾಳಿ, ಉಸಿರಿನ ಮೇಲೆ ಬಿಡದ ಕಣ್ಣು, ಈ ಮೂರರಲ್ಲಿ ಅವರು ತಪ್ಪಲಿಲ್ಲ. ಅವರು ದುಡಿದ, ಮೂಸಿ ನದಿಯ ದಂಡೆಯ ಅಫ್ಜಲ್‌ಗಂಜ್ ಆಸ್ಪತ್ರೆ 1908ರ ಮಹಾಪ್ರವಾಹದಲ್ಲಿ ನಾಶವಾಯಿತು. ರೂಪಾಬಾಯಿ ಮರುವರ್ಷ ಹೆಚ್ಚಿನ ಓದಿಗೆ ಎಡಿನ್‌ಬರಾಕ್ಕೆ ಹೋದರು. ಕ್ಲೋರೋಫಾರ್ಮನ್ನು ಕೊನೆಗೆ ಮೂಲೆಗೆ ಸರಿಸಿದ ಮದ್ದುಗಳಲ್ಲಿ 1956ರಲ್ಲಿ ಬಳಕೆಗೆ ಬಂದ ಹ್ಯಾಲೊಥೇನ್ ಮುಖ್ಯವಾದದ್ದು. ಅದು ವಾಂತಿಯನ್ನೂ ಕಡಿಮೆ ತರುತ್ತಿತ್ತು, ಈಥರಿನಂತೆ ಬೆಂಕಿ ಹಿಡಿಯುತ್ತಲೂ ಇರಲಿಲ್ಲ. ಆದರೆ ಹೃದಯವನ್ನು ಅಡ್ರಿನಲಿನ್‌ಗೆ ಕೆರಳಿಸುವ ಗುಣ ಅದರಲ್ಲೂ ಉಳಿದಿತ್ತು. ಹ್ಯಾಲೊಥೇನ್ ಕೊಟ್ಟ ರೋಗಿಗೆ ರಕ್ತ ಕಟ್ಟಿಸಲೆಂದು ಗಾಯದ ಜಾಗಕ್ಕೆ ಅಡ್ರಿನಲಿನ್ ಚುಚ್ಚಬೇಕಾದಾಗ ಸರ್ಜನ್ನರು ಪ್ರಮಾಣವನ್ನು ಅಳೆದೇ ಚುಚ್ಚಬೇಕಿತ್ತು.