ನೋಡಲು ಬಂದವರು, ಕಾಯಲು ಬಂದವರು

ಮಂಗಳೂರಿನ ನೆಹರೂ ಮೈದಾನಕ್ಕೆ ಆಗಸ್ಟ್ ತಿಂಗಳಲ್ಲಿ ಎರಡು ಮುಖ. ಹದಿನೈದನೇ ತಾರೀಕು ಬೆಳಿಗ್ಗೆ ಇಲ್ಲಿ ಪೊಲೀಸರ ಪಥಸಂಚಲನ ನಡೆಯುತ್ತದೆ. ಜನ ಸುತ್ತ ನಿಂತು ನೋಡುತ್ತಾರೆ. ಅದೇ ಮೈದಾನದಲ್ಲಿ ಜಿಲ್ಲಾ ಫುಟ್‌ಬಾಲ್ ಸಂಸ್ಥೆ ನಡೆಸಿಕೊಂಡು ಬಂದಿರುವ ಸ್ವಾತಂತ್ರ್ಯೋತ್ಸವ ಕಪ್ ಪಂದ್ಯಾಟ ಶಾಲಾ ಕಾಲೇಜುಗಳ ತಂಡಗಳನ್ನು ಸೆಳೆಯುತ್ತದೆ. ಆಗ ಹುಡುಗರು ಆಡುತ್ತಾರೆ, ಜನ ಆಟವನ್ನು ನೋಡುತ್ತಾರೆ. ಪಂದ್ಯ ದೊಡ್ಡದಾದರೆ ಪೊಲೀಸರೂ ಬರುತ್ತಾರೆ. ಅವರು ನೋಡುವುದು ಆಟವನ್ನಲ್ಲ, ಜನರನ್ನು.

ಸಣ್ಣ ಫುಟ್‌ಬಾಲ್ ಕ್ಲಬ್ಬುಗಳ ಬೆಂಬಲಿಗರ ಅಸಮಾಧಾನ ಹುಟ್ಟುವುದು ಈ ಮೂರನೆಯ ನೋಟದಿಂದ. ದೊಡ್ಡ ಕ್ಲಬ್ಬುಗಳಿಗೆ ಹಣವಿದೆ, ವಕೀಲರಿದ್ದಾರೆ, ದೂರದರ್ಶನದ ಕ್ಯಾಮೆರಾ ಇದೆ. ಸಣ್ಣ ಕ್ಲಬ್ಬಿಗೆ ಇರುವುದು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುವ ಕೆಲವು ನೂರು ಜನ. ಅವರ ಎದುರು ಶಿರಸ್ತ್ರಾಣ, ಲಾಠಿ, ಜೇಬು ತಪಾಸಣೆ, ಅಡ್ಡಗಟ್ಟಿದ ರಸ್ತೆ ಬಂದು ನಿಂತಾಗ ಕೇಳಿಬರುವ ಮಾತು ಎಲ್ಲ ದೇಶಗಳಲ್ಲೂ ಒಂದೇ: ಆಟ ನೋಡಲು ಬಂದ ನಮ್ಮನ್ನು ಕಳ್ಳರಂತೆ ಕಾಣುತ್ತಾರಲ್ಲ! ಈ ದೂರಿಗೆ ಒಂದು ಇತಿಹಾಸವಿದೆ. ಪೊಲೀಸರ ಆತಂಕಕ್ಕೂ ಅಷ್ಟೇ ಹಳೆಯ ಇತಿಹಾಸವಿದೆ.

ಕಟ್ಟುವುದು, ಬಿಗಿಯುವುದು

ಪತ್ರಿಕೆಗಳಲ್ಲಿ ದಿನವೂ ಕಾಣುವ ‘ಬಿಗಿ ಬಂದೋಬಸ್ತ್’ ಎಂಬ ಮಾತಿನಲ್ಲೇ ಈ ಕಥೆಯ ಒಂದು ಎಳೆ ಅಡಗಿದೆ. ಇದು ಪಾರ್ಸಿಯ ‘ಬಂದ್-ಒ-ಬಸ್ತ್’. ಕಟ್ಟುವುದು, ಬಿಗಿಯುವುದು ಎಂದು ಅದರ ಅರ್ಥ. ಬ್ರಿಟಿಷರ ಕಾಲದಲ್ಲಿ ಭೂಕಂದಾಯ ನಿಗದಿ ಮಾಡುವುದಕ್ಕೂ ಇದೇ ಪದ ಬಳಕೆಯಲ್ಲಿತ್ತು. ಕನ್ನಡದಲ್ಲಿಯೂ ಅದಕ್ಕೆ ‘ವ್ಯವಸ್ಥೆ’ ಎಂಬ ಅರ್ಥವಿತ್ತು. ಮದುವೆಯ ಊಟಕ್ಕೂ ಬಂದೋಬಸ್ತು ಬೇಕಿತ್ತು, ಪ್ರಯಾಣಕ್ಕೂ ಬೇಕಿತ್ತು. ಕ್ರಮೇಣ ಆ ವಿಶಾಲ ಅರ್ಥ ಹಿಂದೆ ಸರಿದು, ಪೊಲೀಸರ ಕಾವಲು ಎಂಬ ಒಂದೇ ಅರ್ಥ ಮುಂದೆ ಬಂತು. ವ್ಯವಸ್ಥೆ ಎಂದರೆ ಪೊಲೀಸರು ಎಂಬ ಸಮೀಕರಣ ಭಾಷೆಯಲ್ಲಿ ನೆಲೆಯಾದಂತೆ ಮೈದಾನದಲ್ಲಿಯೂ ನೆಲೆಯಾಯಿತು.

ಕಾನೂನಿನ ಬೇರುಗಳೂ ಆ ಕಾಲದವೇ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಜಿಲ್ಲಾ ಪೊಲೀಸ್ ಕಾಯ್ದೆ ಬಂದದ್ದು 1859ರಲ್ಲಿ, ಅಂದರೆ 1857ರ ದಂಗೆಯ ಮರುವರ್ಷಗಳಲ್ಲಿ. ಮರುವರ್ಷವೇ ಭಾರತೀಯ ದಂಡ ಸಂಹಿತೆ ಅಂಗೀಕಾರಗೊಂಡಿತು. ಕಾನೂನುಬಾಹಿರ ಉದ್ದೇಶದಿಂದ ಐದು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿದರೆ ಅದು ಅಕ್ರಮ ಕೂಟ ಎಂದು ಅದರ 141ನೇ ಕಲಂ ಹೇಳಿತು. ಶಾಂತಿ ಕದಡುವ ಸಂಭವವಿರುವ ಐವರ ಗುಂಪನ್ನೂ ಚದುರಿಸುವ ಅಧಿಕಾರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಸೇರಿತು. ಜನರ ನಾಲಿಗೆಯ ಮೇಲೆ ‘ನೂರ ನಲ್ವತ್ತನಾಲ್ಕು’ ಎಂದೇ ಉಳಿದ ನಿಷೇಧಾಜ್ಞೆಯ ಕಲಮು 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 163 ಆಗಿದೆ. ಸಂಖ್ಯೆ ಬದಲಾದರೂ ನೋಟ ಬದಲಾಗಿಲ್ಲ. ಪರಕೀಯ ಆಳ್ವಿಕೆಯೊಂದು ತನ್ನ ಪ್ರಜೆಗಳ ಗುಂಪನ್ನು ಕಂಡು ಹೆದರುತ್ತಿದ್ದ ಕಾಲದಲ್ಲಿ ರೂಪುಗೊಂಡ ನೋಟ ಅದು.

ಮಂಗಳೂರಿನಂಥ ಊರಿನಲ್ಲಿ ಈ ನೋಟ ಇನ್ನಷ್ಟು ಹರಿತವಾಗಲು ಕಾರಣಗಳಿವೆ. ಕೋಮು ಸೂಕ್ಷ್ಮ ಪ್ರದೇಶ ಎಂಬ ಹಣೆಪಟ್ಟಿ ಈ ನಗರಕ್ಕೆ ಬಹುಕಾಲದಿಂದ ಅಂಟಿಕೊಂಡಿದೆ. ಪೊಲೀಸ್ ಕಮಿಷನರೇಟ್ ಇಲ್ಲಿಗೆ ಬಂದದ್ದು 2010ರಲ್ಲಿ. ಎಲ್ಲೋ ಒಂದು ಕಡೆ ಇರಿತವಾದರೆ ಊರಿಡೀ ನಿಷೇಧಾಜ್ಞೆ, ಅಂಗಡಿ ಬೇಗ ಬಂದ್, ಹೊನಲು ಬೆಳಕಿನ ಪಂದ್ಯಾಟ ಮುಂದಕ್ಕೆ. ಗಲಭೆ ಮಾಡದವನೂ ಅದರ ಬೆಲೆ ತೆರಬೇಕಾಗುತ್ತದೆ.

ಭಯಕ್ಕೆ ಆಧಾರವಿಲ್ಲದೆ ಇಲ್ಲ

ಹಾಗೆಂದು ಪೊಲೀಸರ ಆತಂಕವನ್ನು ತಳ್ಳಿಹಾಕುವಂತಿಲ್ಲ. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಸೆಣಸುತ್ತಿದ್ದಾಗ ಗ್ಯಾಲರಿಯಲ್ಲಿ ಹೊಡೆದಾಟ ಎದ್ದಿತು. ಎರಡೂ ಕಡೆಯ ಬೆಂಬಲಿಗರು ಒಂದೇ ಕಡೆ ಬೆರೆತು ಕುಳಿತಿದ್ದರು. ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಆಟ ನೋಡಲು ಹೋದವರು ಮನೆಗೆ ಮರಳಲಿಲ್ಲ. ಆ ದಿನವನ್ನು ಕಲ್ಕತ್ತೆಯಲ್ಲಿ ಫುಟ್‌ಬಾಲ್ ಪ್ರೇಮಿಗಳ ದಿನವೆಂದು ರಕ್ತದಾನ ಮಾಡಿ ನೆನೆಯುವ ವಾಡಿಕೆ ಬಂತು. ಎರಡು ಬಣಗಳನ್ನು ಬೇರೆ ಬೇರೆ ಕೂರಿಸಬೇಕು ಎಂಬ ಪಾಠವನ್ನು ಅಷ್ಟು ದುಬಾರಿ ಬೆಲೆಗೆ ಕಲಿಯಬೇಕಾಯಿತು.

ಇಂಗ್ಲೆಂಡಿನಲ್ಲಿ ಈ ಭಯ ಬೇಲಿಯ ರೂಪ ತಳೆಯಿತು. ಎಪ್ಪತ್ತು ಎಂಬತ್ತರ ದಶಕಗಳ ಫುಟ್‌ಬಾಲ್ ಪುಂಡಾಟಿಕೆಯಿಂದ ರೋಸಿಹೋದ ಅಲ್ಲಿನ ಆಡಳಿತ, ಪ್ರೇಕ್ಷಕರು ಅಂಗಣಕ್ಕೆ ನುಗ್ಗದಂತೆ ಎತ್ತರದ ಕಬ್ಬಿಣದ ಬೇಲಿಗಳನ್ನು ಹಾಕಿಸಿತು. 1989ರ ಏಪ್ರಿಲ್ 15ರಂದು ಶೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಗಳ ಸೆಮಿಫೈನಲ್ ಪಂದ್ಯವಿತ್ತು. ಹೊರಗೆ ಜನ ಒತ್ತರಿಸಿದಾಗ ಪೊಲೀಸರು ಹೊರಹೋಗುವ ದ್ವಾರವೊಂದನ್ನು ಒಳಬರುವವರಿಗಾಗಿ ತೆರೆಸಿದರು. ಆಗಲೇ ತುಂಬಿದ್ದ ಅಂಕಣಗಳಿಗೆ ಮತ್ತೆ ಜನ ನುಗ್ಗಿದರು. ಎದುರಿಗೆ ಬೇಲಿ, ಹಿಂದೆ ಜನ. ಸಹಾಯಕ್ಕಾಗಿ ಬೇಲಿ ಹತ್ತಿದವರನ್ನು ಮೊದಮೊದಲು ಪುಂಡರೆಂದೇ ಭಾವಿಸಲಾಯಿತು. ಆ ದುರಂತದಲ್ಲಿ ಸತ್ತವರು 97 ಮಂದಿ. ಕೊನೆಯವರು ಅಂದಿನ ಗಾಯಗಳ ಪರಿಣಾಮವಾಗಿ 2021ರಲ್ಲಿ ತೀರಿಕೊಂಡರು.

ಕುಡಿದು ಬಂದ ಬೆಂಬಲಿಗರೇ ಇದಕ್ಕೆ ಕಾರಣ ಎಂದು ಪೊಲೀಸರು ಹೇಳಿದರು, ಪತ್ರಿಕೆಗಳು ಬರೆದವು. ತನಿಖೆ ನಡೆಸಿದ ನ್ಯಾಯಮೂರ್ತಿ ಟೇಲರ್ ಆಗಲೇ, ಮುಖ್ಯ ಕಾರಣ ಪೊಲೀಸ್ ನಿಯಂತ್ರಣದ ವೈಫಲ್ಯ ಎಂದಿದ್ದರು. ಆದರೂ ಕಳಂಕ ತೊಳೆಯಲು ಮೃತರ ಕುಟುಂಬಗಳು ದಶಕಗಟ್ಟಲೆ ಹೋರಾಡಬೇಕಾಯಿತು. ಪೊಲೀಸರ 164 ಹೇಳಿಕೆಗಳನ್ನು ತಿದ್ದಲಾಗಿತ್ತು ಎಂಬುದು 2012ರಲ್ಲಿ ಸ್ವತಂತ್ರ ಸಮಿತಿಯ ವರದಿಯಿಂದ ಹೊರಬಿತ್ತು. ಬೆಂಬಲಿಗರದು ತಪ್ಪಿರಲಿಲ್ಲ ಎಂದು ಜ್ಯೂರಿ ತೀರ್ಪಿತ್ತದ್ದು 2016ರಲ್ಲಿ. ನೋಡಲು ಬಂದವನನ್ನು ಮೊದಲೇ ಅಪರಾಧಿಯೆಂದು ಎಣಿಸಿದರೆ, ಅವನು ಪ್ರಾಣಸಂಕಟದಲ್ಲಿರುವುದೂ ಕಾಣುವುದಿಲ್ಲ. ಹಿಲ್ಸ್‌ಬರೋ ಕಲಿಸಿದ ದೊಡ್ಡ ಪಾಠ ಇದು.

ಸಣ್ಣವರ ಮೇಲಿನ ಹೊರೆ

1990ರ ಟೇಲರ್ ವರದಿಯ ನಂತರ ಇಂಗ್ಲೆಂಡಿನ ಮೈದಾನಗಳ ರೂಪ ಬದಲಾಯಿತು. ಬೇಲಿಗಳು ಕಳಚಿದವು. ಪ್ರೇಕ್ಷಕರೆಲ್ಲರೂ ಗುರುತಿನ ಚೀಟಿ ಹೊಂದಬೇಕೆಂಬ ಸರಕಾರದ ಯೋಜನೆಯನ್ನು ಟೇಲರ್ ಒಪ್ಪಲಿಲ್ಲ; ಅದು ಕೈಬಿಟ್ಟುಹೋಯಿತು. ಮೈದಾನದೊಳಗಿನ ಸುರಕ್ಷೆ ಕ್ಲಬ್ಬಿನ ಹೊಣೆ ಎಂಬ ತತ್ವ ಗಟ್ಟಿಯಾಯಿತು. ತರಬೇತಿ ಪಡೆದ ‘ಸ್ಟೂವರ್ಡ್’ಗಳು, ಅಂದರೆ ಬಂದವರಿಗೆ ದಾರಿ ತೋರಿಸಿ ಕುಳ್ಳಿರಿಸುವ ಕ್ಲಬ್ಬಿನ ಸ್ವಂತ ಮಂದಿ, ಪೊಲೀಸರ ಕೆಲಸದ ಬಹುಭಾಗವನ್ನು ವಹಿಸಿಕೊಂಡರು. ಅಪಾಯ ಕಡಿಮೆ ಎನಿಸಿದ ಪಂದ್ಯಗಳಿಗೆ ಮೈದಾನದೊಳಗೆ ಒಬ್ಬ ಪೊಲೀಸನೂ ಇಲ್ಲದಿರುವುದು ಅಲ್ಲಿ ಹೊಸದಲ್ಲ.

ಆದರೂ ತಕರಾರು ಮುಗಿಯಲಿಲ್ಲ. ವೇಲ್ಸಿನ ರೆಕ್ಸಮ್ ಮತ್ತು ಗಡಿಯಾಚೆಯ ಚೆಸ್ಟರ್ ಅಕ್ಕಪಕ್ಕದ ಊರುಗಳು. ಈ ಎರಡು ಸಣ್ಣ ಕ್ಲಬ್ಬುಗಳು ಎದುರಾದಾಗ, ಹೊರ ಊರಿನ ಬೆಂಬಲಿಗರು ನಿಗದಿತ ಬಸ್ಸಿನಲ್ಲೇ ಪೊಲೀಸ್ ಕಾವಲಿನಲ್ಲಿ ಹೋಗಿ, ಅದೇ ಬಸ್ಸಿನಲ್ಲಿ ಮರಳಬೇಕೆಂಬ ಕಟ್ಟಳೆ ಇತ್ತು. ತನ್ನ ಕಾರಿನಲ್ಲಿ ಮಗನನ್ನು ಕರೆದೊಯ್ಯುವ ತಂದೆಗೂ ಅದೇ ನಿಯಮ. 2013ರಲ್ಲಿ ಹಲ್ ಮತ್ತು ಹಡರ್ಸ್‌ಫೀಲ್ಡ್ ನಡುವಿನ ಪಂದ್ಯಕ್ಕೂ ಇದನ್ನೇ ಹೇರಲು ಹೊರಟಾಗ ಎರಡೂ ಕ್ಲಬ್ಬುಗಳ ಬೆಂಬಲಿಗರು ಒಟ್ಟಾಗಿ ಪ್ರತಿಭಟಿಸಿದರು.

ಇನ್ನೊಂದು ಪ್ರಶ್ನೆ ಹಣದ್ದು. ಹೆಚ್ಚುವರಿ ಪೊಲೀಸರ ಖರ್ಚು ಯಾರದು? ವಿಗನ್ ಅಥ್ಲೆಟಿಕ್ ಎಂಬ ಸಾಧಾರಣ ಕ್ಲಬ್ಬು ಈ ಪ್ರಶ್ನೆಯ ಮೇಲೆ ನ್ಯಾಯಾಲಯದ ಮೆಟ್ಟಿಲೇರಿ, 2008ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು. ಕ್ಲಬ್ಬು ಕೇಳಿದ್ದಕ್ಕಿಂತ ಹೆಚ್ಚು ಪೊಲೀಸರನ್ನು ಕಳುಹಿಸಿ ಅದರ ಬಿಲ್ಲನ್ನೂ ಕ್ಲಬ್ಬಿಗೇ ಕೊಡಲಾಗದು ಎಂಬುದು ಆ ತೀರ್ಪಿನ ಸಾರ. ಜರ್ಮನಿಯಲ್ಲಿ 2012ರ ಕೊನೆಗೆ ಲೀಗಿನ ಹೊಸ ಸುರಕ್ಷಾ ನಿಯಮಗಳನ್ನು ವಿರೋಧಿಸಿದ ಬೆಂಬಲಿಗರು ಪಂದ್ಯದ ಮೊದಲ 12 ನಿಮಿಷ 12 ಸೆಕೆಂಡು ಬಾಯಿ ಮುಚ್ಚಿ ಕುಳಿತರು. ಪ್ರೇಕ್ಷಕರಿಲ್ಲದ ಆಟ ಹೇಗಿರುತ್ತದೆ ಎಂಬುದನ್ನು ಆ ಮೌನ ತೋರಿಸಿಕೊಟ್ಟಿತು.

ಕಲ್ಕತ್ತೆಯ ಒಗ್ಗಟ್ಟು, ಬೆಂಗಳೂರಿನ ಶೋಕ

ಭಾರತದಲ್ಲಿ ಇದಕ್ಕೆ ಸಮನಾದ ದೃಶ್ಯ ಕಂಡದ್ದು ಮತ್ತೆ ಕೋಲ್ಕತ್ತದಲ್ಲೇ, 2024ರ ಆಗಸ್ಟ್ 18ರಂದು. ಆರ್.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಹತ್ಯೆಯಿಂದ ಊರು ಕುದಿಯುತ್ತಿತ್ತು. ಪೊಲೀಸ್ ಭದ್ರತೆ ಒದಗಿಸಲಾಗದೆಂಬ ಕಾರಣಕ್ಕೆ ಡುರಾಂಡ್ ಕಪ್‌ನ ಮೋಹನ್ ಬಾಗಾನ್–ಈಸ್ಟ್ ಬೆಂಗಾಲ್ ಪಂದ್ಯವನ್ನು ರದ್ದುಪಡಿಸಲಾಯಿತು. ಆದರೆ ರದ್ದಾದ ಪಂದ್ಯದ ಕ್ರೀಡಾಂಗಣದ ಮುಂದೆ ಸೇರಿದ ಬೆಂಬಲಿಗರನ್ನು ತಡೆಯಲು ಸಾಕಷ್ಟು ಪೊಲೀಸರು ಬಂದಿದ್ದರು, ಲಾಠಿ ಬೀಸಿದರು. ನಲವತ್ತನಾಲ್ಕು ವರ್ಷಗಳ ಹಿಂದೆ ಪರಸ್ಪರ ಬಡಿದಾಡಿದ್ದ ಎರಡು ಬಣಗಳ ಮುಂದಿನ ಪೀಳಿಗೆ, ಮೊಹಮೆಡನ್ ಸ್ಪೋರ್ಟಿಂಗ್ ಬೆಂಬಲಿಗರನ್ನೂ ಕೂಡಿಕೊಂಡು, ಅಂದು ಒಂದೇ ಸಾಲಿನಲ್ಲಿ ನಿಂತಿತು.

ಇದರ ಎದುರಿಗೆ ಬೆಂಗಳೂರಿನ ಘಟನೆಯನ್ನಿಟ್ಟು ನೋಡಬೇಕು. ಅದು ಫುಟ್‌ಬಾಲ್ ಅಲ್ಲ, ಕ್ರಿಕೆಟ್. ಪಾಠ ಮಾತ್ರ ಒಂದೇ. 2025ರ ಜೂನ್ 3ರಂದು ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡ ಮೊದಲ ಬಾರಿಗೆ ಐಪಿಎಲ್ ಗೆದ್ದಿತು. ಮರುದಿನವೇ ವಿಜಯೋತ್ಸವ. ಸುಮಾರು 35 ಸಾವಿರ ಮಂದಿ ಹಿಡಿಸುವ ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಲಕ್ಷಾಂತರ ಜನ ನೆರೆದರು. ಯಾವ ದ್ವಾರದಿಂದ ಯಾರಿಗೆ ಪ್ರವೇಶ ಎಂಬ ಸ್ಪಷ್ಟತೆ ಇರಲಿಲ್ಲ. ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಪೊಲೀಸ್ ಕಮಿಷನರ್ ಸೇರಿದಂತೆ ಅಧಿಕಾರಿಗಳು ಅಮಾನತಾದರು, ನ್ಯಾಯಾಂಗ ತನಿಖೆ ನಡೆಯಿತು. ಅನುಮತಿ ಕೇಳಿದವರು ಯಾರು, ಕೊಟ್ಟವರು ಯಾರು ಎಂಬ ವಾದ ಬಹುದಿನ ಕೇಳಿಬಂತು.

ಇಲ್ಲಿ ಪೊಲೀಸರು ಹೆಚ್ಚಾದದ್ದರಿಂದ ಅನಾಹುತವಾಗಲಿಲ್ಲ. ಹಾಗೆಯೇ ಹಿಲ್ಸ್‌ಬರೋದಲ್ಲಿ ಪೊಲೀಸರು ಕಡಿಮೆಯಾದದ್ದರಿಂದಲೂ ಆಗಲಿಲ್ಲ. ಎಷ್ಟು ಜನ ಬರುತ್ತಾರೆ, ಎಲ್ಲಿಂದ ಒಳಗೆ, ಎಲ್ಲಿಂದ ಹೊರಗೆ, ಬಾಗಿಲಿಗೆ ಯಾರು ಜವಾಬುದಾರರು ಎಂಬ ಲೆಕ್ಕ ಎರಡು ಕಡೆಯೂ ತಪ್ಪಿತ್ತು. ಲಾಠಿಯ ಸಂಖ್ಯೆ ಆ ಲೆಕ್ಕಕ್ಕೆ ಬದಲಿಯಾಗುವುದಿಲ್ಲ.

ಕರೆಯ ಬದಿಯ ಪಾಠ

ಈ ಲೆಕ್ಕ ಕರಾವಳಿಯವರಿಗೆ ಅಪರಿಚಿತವೇನಲ್ಲ. ಜೋಡುಕರೆ ಕಂಬಳಕ್ಕೆ ಸೇರುವ ಜನ ಯಾವ ಫುಟ್‌ಬಾಲ್ ಪಂದ್ಯಕ್ಕೂ ಕಡಿಮೆಯಲ್ಲ. ರಾತ್ರಿ ಹಗಲು ನಡೆಯುವ ಕೂಟ, ಓಡುವ ಕೋಣಗಳು, ಎರಡೂ ಬದಿಯಲ್ಲಿ ಒತ್ತೊತ್ತಾಗಿ ನಿಂತ ಜನ. ಪೊಲೀಸರೂ ಇರುತ್ತಾರೆ. ಆದರೆ ಕೋಣಗಳನ್ನು ಯಾವ ಹಾದಿಯಲ್ಲಿ ತರಬೇಕು, ಜನ ಎಲ್ಲಿ ನಿಲ್ಲಬೇಕು ಎಂದು ನೋಡಿಕೊಳ್ಳುವವರು ಕಂಬಳ ಸಮಿತಿಯ ಊರವರೇ. ಅಲ್ಲಿ ಬಂದವನು ಮೊದಲು ನೆಂಟ, ಆಮೇಲೆ ಪ್ರೇಕ್ಷಕ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಕಂಬಳದ ಮೇಲೆ ನಿಷೇಧದ ಕತ್ತಿ ತೂಗಿದಾಗ, ಇದೇ ಸಮಿತಿಗಳು ನಿಯಮಗಳಿಗೆ ಒಗ್ಗಿಕೊಂಡವು. 2017ರ ತಿದ್ದುಪಡಿಯ ಮೂಲಕ ಆಟ ಉಳಿಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೊಣೆ ಹೊರುವ ಆತಿಥೇಯನಿದ್ದುದೂ ಅದು ಉಳಿಯಲು ಒಂದು ಕಾರಣ.

ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ಬೇಕಾದದ್ದೂ ಅದೇ. ಬಾಗಿಲಲ್ಲಿ ತನ್ನವರನ್ನೇ ನಿಲ್ಲಿಸುವ ಶಕ್ತಿ, ಪಂದ್ಯಕ್ಕೆ ಮೊದಲು ಠಾಣೆಯವರು ಮತ್ತು ಬೆಂಬಲಿಗರು ಒಟ್ಟಿಗೆ ಕುಳಿತು ಮಾತಾಡುವ ಪದ್ಧತಿ, ತಪ್ಪು ಮಾಡಿದ ಒಬ್ಬನನ್ನು ಹಿಡಿದು ಉಳಿದ ನೂರು ಮಂದಿಯನ್ನು ಬಿಡುವ ವಿವೇಕ. ಚಿನ್ನಸ್ವಾಮಿ ದುರಂತದ ಬಳಿಕ ರಾಜ್ಯ ಸರಕಾರ 2025ರ ಆಗಸ್ಟ್‌ನಲ್ಲಿ ಜನಸಂದಣಿ ನಿಯಂತ್ರಣದ ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. ಆಯೋಜಕರ ಹೊಣೆಯನ್ನು ಬರಹದಲ್ಲಿ ನಿಗದಿಪಡಿಸುವುದು ಸರಿಯಾದ ಹೆಜ್ಜೆಯೇ. ಆದರೆ ಕೋಟಿಗಟ್ಟಲೆ ವಹಿವಾಟಿನ ಐಪಿಎಲ್‌ಗೂ, ಚಂದಾ ಎತ್ತಿ ಕಪ್ ತರುವ ಯುವಕ ಮಂಡಲಕ್ಕೂ ಒಂದೇ ಅಳತೆಗೋಲು ಬಂದರೆ ಅಪಾಯವಿದೆ. ಅನುಮತಿ ಕೊಟ್ಟು ಅನಾಹುತವಾದರೆ ಅಧಿಕಾರಿಯ ತಲೆದಂಡ. ಕೊಡದಿದ್ದರೆ ಯಾರೂ ಕೇಳುವುದಿಲ್ಲ. ಇಂಥ ಲೆಕ್ಕಾಚಾರದಲ್ಲಿ ಮೊದಲು ನಿಲ್ಲುವುದು ಸಣ್ಣವರ ಪಂದ್ಯ. ಅದು ನಿಂತುಹೋದದ್ದು ಸುದ್ದಿಯೂ ಆಗುವುದಿಲ್ಲ.

ನೆಹರೂ ಮೈದಾನ ಎತ್ತರದ ಗ್ಯಾಲರಿಗಳ ಕ್ರೀಡಾಂಗಣವಲ್ಲ, ಊರ ನಡುವಿನ ಬಯಲು. ಸೆಂಟ್ರಲ್ ಮೈದಾನ್ ಎಂದು ಕರೆಯುತ್ತಿದ್ದ ಕಾಲದಿಂದಲೂ ಅಲ್ಲಿ ರಾಜಕೀಯ ಸಭೆ ಸೇರಿದೆ, ಆಟ ನಡೆದಿದೆ. ಅಳಿವೆಯಾಚೆಯ ಬೆಂಗ್ರೆಯಿಂದ ದೋಣಿ ದಾಟಿ ಬರುವವನೂ, ಬಂದರಿನ ಕೂಲಿ ಮುಗಿಸಿ ಬರುವವನೂ, ಕಾಲೇಜು ಬಿಟ್ಟು ಬರುವ ಹುಡುಗನೂ ಒಂದೇ ಗೆರೆಯ ಬದಿಯಲ್ಲಿ ನಿಲ್ಲುವ ಜಾಗಗಳು ಈ ನಗರದಲ್ಲಿ ಬಹಳ ಉಳಿದಿಲ್ಲ. ಯಾರು ಯಾವ ಕೇರಿಯವರೆಂದು ಕೇಳದೆ ಗೋಲಿಗೆ ಕೂಗು ಹಾಕುವ ಆ ಒಂದು ಗಂಟೆ ಶಾಂತಿಗೆ ಕಂಟಕವಲ್ಲ; ಶಾಂತಿಯ ಕೆಲಸದಲ್ಲಿ ಅದಕ್ಕೂ ಪಾಲಿದೆ. ಅದನ್ನು ಕಾಯುವುದಕ್ಕೂ ಬಂದೋಬಸ್ತು ಬೇಕು, ಆ ಪದಕ್ಕೆ ಹಿಂದೆ ಇದ್ದ ‘ವ್ಯವಸ್ಥೆ’ ಎಂಬ ಅರ್ಥದಲ್ಲಿ.