‘ಸರ್ವರ್ ಡೌನ್’ ಅಂದರೆ ಯಾರು ಜವಾಬ್ದಾರಿ? ಡಿಜಿಟಲ್ ಸರ್ಕಾರವನ್ನು ಮೈಸೂರಿನ ವಿಜಯನಗರದಿಂದ ನೋಡಿದಾಗ

ಸರ್ಕಾರ ಡಿಜಿಟಲ್ ಆಗಿದೆ ಅನ್ನೋದನ್ನು ಈಗ ಯಾರಿಗೂ ಹೊಸದಾಗಿ ಹೇಳಬೇಕಿಲ್ಲ. ಪಹಣಿ, ಆದಾಯ ಪ್ರಮಾಣಪತ್ರ, ಪಿಂಚಣಿ, ಕರೆಂಟ್ ಬಿಲ್, ಸೈಟಿನ ಖಾತೆ ಎಲ್ಲವೂ ಕಂಪ್ಯೂಟರ್ ಒಳಗೆ ಹೋಗಿವೆ. ಹೋಗಬೇಕಿತ್ತೋ ಬೇಡವೋ ಎಂಬ ಚರ್ಚೆ ಮುಗಿದು ಬಹಳ ಕಾಲವಾಯಿತು. ಮುಗಿಯದೇ ಉಳಿದಿರುವ ಪ್ರಶ್ನೆ ಬೇರೆ: ಕಂಪ್ಯೂಟರ್ ‘ಇಲ್ಲ’ ಅಂದಾಗ ಜನ ಯಾರನ್ನು ಕೇಳಬೇಕು?

ನಾನಿರುವುದು ಮೈಸೂರಿನ ವಿಜಯನಗರದಲ್ಲಿ. ಡಿಜಿಟಲ್ ಆಡಳಿತವನ್ನು ಅರ್ಥ ಮಾಡಿಕೊಳ್ಳಲು ಇದು ಒಳ್ಳೆಯ ಜಾಗ. ಮೈಸೂರು, ಮಂಡ್ಯ, ಚಾಮರಾಜನಗರ, ಹಾಸನ, ಕೊಡಗು ಈ ಐದು ಜಿಲ್ಲೆಗಳಿಗೆ ಕರೆಂಟ್ ಕೊಡುವ ಸೆಸ್ಕ್‌ನ ಪ್ರಧಾನ ಕಚೇರಿ ಇರುವುದು ನಮ್ಮ 2ನೇ ಹಂತದಲ್ಲಿ. 2024ರಲ್ಲಿ ರಾಜ್ಯ ರಾಜಕಾರಣವನ್ನೇ ಅಲುಗಾಡಿಸಿದ ಮುಡಾ ನಿವೇಶನ ವಿವಾದದಲ್ಲಿ ಕೇಳಿಬಂದದ್ದು ನಮ್ಮ 3 ಮತ್ತು 4ನೇ ಹಂತದ ಹೆಸರು. ಇಲ್ಲಿ ನಿವೃತ್ತ ಪ್ರೊಫೆಸರೂ ಇದ್ದಾರೆ, ಅವರ ಮನೆ ಕೆಲಸಕ್ಕೆ ಬರುವ ಹೆಂಗಸರೂ ಇದ್ದಾರೆ. ಇಬ್ಬರ ಮೊಬೈಲಿಗೂ ಸರ್ಕಾರದಿಂದ ಒಟಿಪಿ ಬರುತ್ತೆ. ಆದರೆ ಆ ಒಟಿಪಿ ಬರದಿದ್ದ ದಿನ ಇಬ್ಬರಿಗೂ ಆಗುವ ನಷ್ಟ ಒಂದೇ ಅಲ್ಲ.

ಈ ವ್ಯವಸ್ಥೆ ಹೇಗೆ ಬೆಳೆಯಿತು, ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಕೆಡುತ್ತೆ, ಕೆಟ್ಟಾಗ ಕಾನೂನು ಏನನ್ನುತ್ತೆ ಎಂಬುದನ್ನು ಇಲ್ಲಿ ಒಂದೆಡೆ ಇಡುತ್ತಿದ್ದೇನೆ.

‘ಭೂಮಿ’ಯಿಂದ ಶುರು

ಕರ್ನಾಟಕದಲ್ಲಿ ಈ ಕಥೆ ಆರಂಭವಾಗುವುದು ಪಹಣಿಯಿಂದ. 2000ದ ದಶಕದ ಆರಂಭದವರೆಗೆ ಪಹಣಿ ಇದ್ದದ್ದು ಗ್ರಾಮ ಲೆಕ್ಕಿಗರ ಕೈಯಲ್ಲಿ. ರಾಜ್ಯದಲ್ಲಿ ಸುಮಾರು 9,000 ಲೆಕ್ಕಿಗರಿದ್ದರು. ಸಾಲಕ್ಕೆ, ಕೋರ್ಟಿಗೆ, ಮಾರಾಟಕ್ಕೆ ಪಹಣಿ ಬೇಕಾದರೆ ಅವರನ್ನು ಹುಡುಕಿಕೊಂಡು ಹೋಗಬೇಕಿತ್ತು, ‘ಖರ್ಚು’ ಕೊಡಬೇಕಿತ್ತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುಂದಾಳತ್ವದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳಿಗೂ ಸರದಿ ಬಂತು. ಮೊದಲು ಬಂದ ಅರ್ಜಿಯನ್ನು ಬದಿಗಿಟ್ಟು ಹಿಂದಿನದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡುತ್ತಿರಲಿಲ್ಲ.

ಇದು ನಿಜವಾದ ಲಾಭ, ಅಲ್ಲಗಳೆಯುವಂತಿಲ್ಲ. ಆದರೆ 2007ರಲ್ಲಿ ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಬೆಂಗಳೂರಿನ ಸುತ್ತಮುತ್ತ ‘ಭೂಮಿ’ಯನ್ನು ಅಧ್ಯಯನ ಮಾಡಿ ಬೇರೆಯದೇ ಚಿತ್ರ ಕೊಟ್ಟರು. ಲಂಚ ನಿಂತಿಲ್ಲ, ಹಳ್ಳಿಯಿಂದ ತಾಲ್ಲೂಕಿಗೆ ಜಾಗ ಬದಲಿಸಿದೆ. ದಾಖಲೆ ಒಂದೇ ಕಡೆ ಸೇರಿದ್ದರಿಂದ ಹೆಚ್ಚು ಅನುಕೂಲವಾದದ್ದು ದೊಡ್ಡ ಪ್ರಮಾಣದಲ್ಲಿ ಜಮೀನು ಹುಡುಕುವವರಿಗೆ ಎಂಬುದು ಅವರ ವಾದ. ಈ ವಾದವನ್ನು ಪೂರ್ತಿ ಒಪ್ಪಬೇಕಿಲ್ಲ. ಅದರೊಳಗಿನ ಒಂದು ಮಾತು ಮಾತ್ರ ಗಟ್ಟಿ: ಕಂಪ್ಯೂಟರ್ ಬಂದರೆ ಅಧಿಕಾರ ಮಾಯವಾಗಲ್ಲ, ಸ್ಥಳಾಂತರ ಆಗುತ್ತೆ. ಎಲ್ಲಿಗೆ ಹೋಯಿತು ಅಂತ ಹುಡುಕುವುದು ನಮ್ಮ ಕೆಲಸ.

ಸೈಟುಗಳ ವಿಷಯದಲ್ಲೂ ಇದೇ ಮಾತು ಅನ್ವಯಿಸುತ್ತೆ. 2024ರ ಅಕ್ಟೋಬರ್‌ನಿಂದ ನಗರಗಳಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ನಕಲಿ ಖಾತೆ ತೋರಿಸಿ ಒಂದೇ ಸೈಟನ್ನು ಇಬ್ಬರಿಗೆ ಮಾರುವುದನ್ನು ಇದು ಕಷ್ಟ ಮಾಡುತ್ತೆ. ಆದರೆ ಸೈಟು ಯಾರಿಗೆ, ಯಾವ ನಿಯಮದಡಿ ಮಂಜೂರಾಗಬೇಕು ಎಂಬುದನ್ನು ಯಾವ ತಂತ್ರಾಂಶವೂ ತೀರ್ಮಾನಿಸಲ್ಲ. ಅದು ಸಭೆಯಲ್ಲಿ ಕೂತವರು ತಗೊಳ್ಳುವ ತೀರ್ಮಾನ. ಮುಡಾ ವಿವಾದದಲ್ಲಿ ಯಾರ ವಾದ ಸರಿ ಎಂಬುದು ಏನೇ ಇರಲಿ, ಜಗಳವಿದ್ದದ್ದು ಆ ತೀರ್ಮಾನಗಳ ಬಗ್ಗೆ.

ಮೈಸೂರು ಎಂಬ ಪ್ರಯೋಗಶಾಲೆ

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಆಧಾರ್‌ನಲ್ಲಿ ಮೈಸೂರು ರಾಜ್ಯಕ್ಕಿಂತ ಮುಂದಿತ್ತು. 2010ರಲ್ಲಿ ಕರ್ನಾಟಕದಲ್ಲಿ ಆಧಾರ್ ನೋಂದಣಿಯನ್ನು ಪ್ರಾಯೋಗಿಕವಾಗಿ ಶುರು ಮಾಡಿದ್ದು ಮೈಸೂರು ಮತ್ತು ತುಮಕೂರು ಜಿಲ್ಲೆಗಳಲ್ಲಿ. ಗ್ಯಾಸ್ ಸಬ್ಸಿಡಿಯನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಯೋಜನೆ 2013ರ ಮಧ್ಯದಲ್ಲಿ ಬಂದಾಗ ದೇಶದ ಮೊದಲ ಕೆಲವು ಜಿಲ್ಲೆಗಳಲ್ಲಿ ಮೈಸೂರೂ ಒಂದು. 2014ರ ಆರಂಭದಲ್ಲಿ ಆ ಯೋಜನೆಯನ್ನು ನಿಲ್ಲಿಸಲಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ‘ಪಹಲ್’ ಎಂಬ ಹೆಸರಲ್ಲಿ ಅದು ಮತ್ತೆ ಬಂತು. ಈ ಸಲ ಆಧಾರ್ ಇಲ್ಲದವರೂ ಬ್ಯಾಂಕ್ ಖಾತೆಯ ಮೂಲಕ ಸಬ್ಸಿಡಿ ಪಡೆಯುವ ದಾರಿ ಇತ್ತು.

ಈ ಎರಡನೇ ದಾರಿ ತಾನಾಗಿ ಬಂದದ್ದಲ್ಲ. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರಿಗೂ ತೊಂದರೆ ಆಗಬಾರದು ಎಂದು ಕೋರ್ಟ್ 2013ರ ಸೆಪ್ಟೆಂಬರ್‌ನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅವರ ಹೆಸರಿನ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರದ ಸಹಾಯಧನ, ಸವಲತ್ತುಗಳಿಗೆ ಆಧಾರ್ ಕೇಳುವುದನ್ನು ಎತ್ತಿಹಿಡಿಯಿತು. ಖಾಸಗಿ ಕಂಪನಿಗಳು ಕೇಳುವುದಕ್ಕೆ ಇದ್ದ ಕಾನೂನಿನ ಅವಕಾಶವನ್ನು ತೆಗೆದುಹಾಕಿತು.

2,000 ರೂಪಾಯಿ ಬರುವ ದಾರಿ

ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿದ್ದೂ ಮೈಸೂರಲ್ಲೇ, 2023ರ ಆಗಸ್ಟ್ 30ರಂದು ಮಹಾರಾಜ ಕಾಲೇಜು ಮೈದಾನದಲ್ಲಿ. ಒಂದು ಕೋಟಿಗೂ ಹೆಚ್ಚು ಹೆಂಗಸರ ಖಾತೆಗೆ ಮಧ್ಯವರ್ತಿಯಿಲ್ಲದೆ ದುಡ್ಡು ಹಾಕುವುದು ಹಳೆಯ ಮನಿಯಾರ್ಡರ್ ಕಾಲದಲ್ಲಿ ಊಹಿಸಲೂ ಆಗದ ಕೆಲಸ. ಇದು ಹೇಗೆ ನಡೆಯುತ್ತೆ?

ಮೊದಲು ರೇಷನ್ ಕಾರ್ಡ್. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಮನೆಯ ಹಿರಿಯ ಹೆಂಗಸೇ ಕಾರ್ಡಿನ ಯಜಮಾನಿ. ಆ ಹೆಸರು ಆಧಾರ್‌ಗೆ ತಾಳೆ ಆಗಬೇಕು. ಆಕೆಯಾಗಲಿ ಗಂಡನಾಗಲಿ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರ ಪಟ್ಟಿಯಲ್ಲಿ ಇರಬಾರದು. ಆಮೇಲೆ ದುಡ್ಡು ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್‌ಗೆ ಜೋಡಣೆಯಾದ ಖಾತೆಗೆ. ಯಾವ ಬ್ಯಾಂಕ್ ಎಂಬುದನ್ನು ಹೇಳುವುದು ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿ. ಎರಡು ಮೂರು ಬ್ಯಾಂಕಿನಲ್ಲಿ ಆಧಾರ್ ಜೋಡಿಸಿದ್ದರೆ ಕೊನೆಯದಾಗಿ ಜೋಡಿಸಿದ್ದೇ ಲೆಕ್ಕಕ್ಕೆ. ‘ದುಡ್ಡೇ ಬಂದಿಲ್ಲ’ ಎನ್ನುವವರಲ್ಲಿ ಕೆಲವರ ದುಡ್ಡು ಮರೆತುಹೋದ ಹಳೆಯ ಖಾತೆಯಲ್ಲಿ ಕೂತಿರುವುದು ಈ ಕಾರಣಕ್ಕೆ.

ಈ ಸರಪಳಿಯ ಯಾವ ಕೊಂಡಿ ಕಳಚಿದರೂ ದುಡ್ಡು ನಿಲ್ಲುತ್ತೆ. ಅದರಲ್ಲಿ ಅತ್ಯಂತ ಕನ್ನಡದ್ದೇ ಆದ ಕೊಂಡಿ ಹೆಸರು. ರೇಷನ್ ಕಾರ್ಡಿನಲ್ಲಿ ‘ಲಕ್ಷ್ಮಮ್ಮ’ ಎಂದು ಕನ್ನಡದಲ್ಲಿ ಒಂದೇ ಥರ ಬರೆಯುತ್ತೇವೆ. ಇಂಗ್ಲಿಷಿಗೆ ಹೋದಾಗ ಒಂದು ಕಡೆ ‘ಎಕ್ಸ್’ ಬರುತ್ತೆ, ಇನ್ನೊಂದು ಕಡೆ ‘ಕೆಎಸ್‌ಎಚ್’. ಇನಿಷಿಯಲ್ ಒಂದು ದಾಖಲೆಯಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ. ಮದುವೆಗೆ ಮುಂಚೆ ಅಪ್ಪನ ಹೆಸರು, ಆಮೇಲೆ ಗಂಡನ ಹೆಸರು. ಮನುಷ್ಯ ಗುಮಾಸ್ತ ನೋಡಿ ‘ಒಬ್ಬರೇ ಬಿಡಿ’ ಅನ್ನುತ್ತಿದ್ದ. ಅಕ್ಷರ ಅಕ್ಷರ ಹೋಲಿಸುವ ಯಂತ್ರಕ್ಕೆ ಅವರು ಇಬ್ಬರು. ನಮ್ಮ ಬೀದಿಯಲ್ಲಿ ಅರ್ಜಿ ತುಂಬಿಸಿಕೊಳ್ಳಲು ನನ್ನ ಬಳಿ ಬರುವ ಹಿರಿಯರ ಕಷ್ಟದಲ್ಲಿ ಬಹುಪಾಲು ಇದೇ. ತಪ್ಪು ಅವರು ಮಾಡಿದ್ದಲ್ಲ, ಯಾವುದೋ ಕೌಂಟರಿನಲ್ಲಿ ಟೈಪ್ ಮಾಡಿದವರದ್ದು. ತಿದ್ದಿಸುವ ಅಲೆದಾಟ, ಒಂದು ದಿನದ ಕೂಲಿ ಮಾತ್ರ ಇವರದ್ದು.

ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಜರಡಿ ಹಿಡಿದಾಗ ಏನಾಗುತ್ತೆ ಎಂಬುದನ್ನು 2024ರ ನವೆಂಬರ್‌ನಲ್ಲಿ ಇಡೀ ರಾಜ್ಯ ನೋಡಿತು. ಅನರ್ಹರ ಬಿಪಿಎಲ್ ಕಾರ್ಡ್ ತೆಗೆಯುವ ಕಾರ್ಯಾಚರಣೆಯಲ್ಲಿ ಅರ್ಹರ ಕಾರ್ಡೂ ಹೋಯಿತು ಎಂಬ ಗದ್ದಲ ಎದ್ದು, ಸರ್ಕಾರ ಹಿಂದೆ ಸರಿದು ಕಾರ್ಡುಗಳನ್ನು ವಾಪಸ್ ಕೊಡಬೇಕಾಯಿತು. ಅನರ್ಹರನ್ನು ಹುಡುಕುವುದು ತಪ್ಪಲ್ಲ. ಮೊದಲು ಕಾರ್ಡ್ ನಿಲ್ಲಿಸಿ ಆಮೇಲೆ ಕಾರಣ ಹೇಳುವುದು ತಪ್ಪು.

ಕೌಂಟರಿನ ಆಚೆ ಕೂತವರು

ಕೌಂಟರಿನ ಆ ಬದಿಯವರನ್ನೂ ನೋಡಬೇಕು. ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಎಂಬ ಹೆಸರು. 2024ರ ಸೆಪ್ಟೆಂಬರ್‌ನಲ್ಲಿ ಅವರು ಮುಷ್ಕರಕ್ಕೆ ಕೂತಾಗ ಹೇಳಿದ ದೂರುಗಳಲ್ಲಿ ಒಂದು, ಸರಿಯಾದ ಸಲಕರಣೆ ಕೊಡದೆ ಹತ್ತಾರು ಮೊಬೈಲ್ ಆ್ಯಪ್‌ಗಳಲ್ಲಿ ಕೆಲಸ ಮಾಡಿಸುತ್ತಾರೆ ಅನ್ನೋದು. 2025ರ ಸೆಪ್ಟೆಂಬರ್ 22ರಂದು ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾದಾಗಲೂ ಇದೇ ಹಾಡು. ಮೀಟರ್ ರೀಡರ್‌ಗಳು ಮನೆಮನೆಗೆ ಸ್ಟಿಕ್ಕರ್ ಅಂಟಿಸಿದರು, ಶಿಕ್ಷಕರು 60 ಪ್ರಶ್ನೆಗಳ ಆ್ಯಪ್ ಹಿಡಿದು ಬಂದರು. ನೆಟ್‌ವರ್ಕ್ ಇಲ್ಲ, ಆ್ಯಪ್ ತೆರೆಯುತ್ತಿಲ್ಲ ಎಂದು ಮೊದಲ ದಿನಗಳಲ್ಲಿ ಬೀದಿಯಲ್ಲಿ ನಿಂತವರೂ ಅವರೇ. ಬೆಂಗಳೂರಿನಲ್ಲಿ ತಯಾರಾದ ತಂತ್ರಾಂಶಕ್ಕೆ ಬೀದಿಯಲ್ಲಿ ಬೈಗುಳ ತಿನ್ನುವ ಕೆಲಸ ಕೆಳಹಂತದ ನೌಕರರದ್ದಾಗಿದೆ.

ಅದೇ ಸಮೀಕ್ಷೆಯ ಬಗ್ಗೆ ಹೈಕೋರ್ಟ್ ಸೆಪ್ಟೆಂಬರ್ 25ರಂದು ಎರಡು ಮಾತು ಸ್ಪಷ್ಟಪಡಿಸಿತು: ಮಾಹಿತಿ ಕೊಡುವುದು ಜನರ ಇಚ್ಛೆ, ಕೊಟ್ಟ ಮಾಹಿತಿ ಗೋಪ್ಯವಾಗಿರಬೇಕು. ಡಿಜಿಟಲ್ ಆಡಳಿತದಲ್ಲಿ ನಮಗೆ ಕಾಣದೆ ಹೋಗುವ ಭಾಗ ಇದು. ಕರೆಂಟ್ ಮೀಟರ್, ರೇಷನ್ ಕಾರ್ಡ್, ಆಧಾರ್, ಜಾತಿ, ಆದಾಯ, ಜಮೀನು ಒಂದಕ್ಕೊಂದು ಪೋಣಿಸಿಕೊಂಡರೆ ಸರ್ಕಾರಕ್ಕೆ ನಮ್ಮ ಇಡೀ ಮನೆ ಕಾಣುತ್ತೆ. ಸರ್ಕಾರದ ಒಳಗು ನಮಗೆ ಅಷ್ಟೇ ಕಾಣುತ್ತದೆಯೇ? ಕೇಂದ್ರದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸವಲತ್ತು ಕೊಡುವ ಸಲುವಾಗಿ ಸರ್ಕಾರ ನಮ್ಮ ಒಪ್ಪಿಗೆ ಕೇಳದೆ ಮಾಹಿತಿ ಬಳಸಲು ಅವಕಾಶ ಕೊಡುತ್ತೆ. ಅದೇ ಕಾಯ್ದೆ 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ)ಯನ್ನು ಬದಲಿಸಿ, ‘ವೈಯಕ್ತಿಕ ಮಾಹಿತಿ’ ಎಂದು ಹೇಳಿ ಉತ್ತರ ನಿರಾಕರಿಸುವುದನ್ನು ಸುಲಭ ಮಾಡಿದೆ. ಒಂದು ಕಡೆ ಕಿಟಕಿ ದೊಡ್ಡದಾಗುತ್ತಿದೆ, ಇನ್ನೊಂದು ಕಡೆ ಚಿಕ್ಕದಾಗುತ್ತಿದೆ.

‘ಸಕಾಲ’ ಇದೆ, ಆದರೆ ಗಡಿಯಾರ ಓಡಬೇಕಲ್ಲ

ಮೊದಲಿನ ಪ್ರಶ್ನೆಗೆ ಬರೋಣ. ಯಾರನ್ನು ಕೇಳಬೇಕು? ಇದಕ್ಕೆ ಕರ್ನಾಟಕದಲ್ಲಿ ಒಂದು ಒಳ್ಳೆಯ ಕಾನೂನೇ ಇದೆ. ಸಕಾಲ ಸೇವೆಗಳ ಕಾಯ್ದೆ 2011ರದ್ದು; 2012ರ ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ ಬಂತು. ಪಟ್ಟಿಯಲ್ಲಿರುವ ಪ್ರತಿ ಸೇವೆಗೂ ಇಂತಿಷ್ಟು ದಿನ ಎಂಬ ಗಡುವಿದೆ. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ಸಂಖ್ಯೆ ಸಿಗಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಅದೂ ತಡ ಮಾಡಿದ ಅಧಿಕಾರಿಯ ಸಂಬಳದಿಂದ. ಮೇಲ್ಮನವಿಗೂ ಅವಕಾಶವಿದೆ.

ಆದರೆ ಈ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾದ ಮೇಲೆ. ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಅಂದರೆ ಅರ್ಜಿಯೇ ಒಳಗೆ ಹೋಗಲ್ಲ. ಸಂಖ್ಯೆ ಹುಟ್ಟಲ್ಲ. ಸಂಖ್ಯೆ ಇಲ್ಲದಿದ್ದರೆ ಕಾನೂನಿನ ಕಣ್ಣಲ್ಲಿ ವಿಳಂಬವೂ ಇಲ್ಲ. ಹತ್ತು ಸಲ ಬಂದು ಹೋದವರ ಹತ್ತು ದಿನ ಯಾವ ಅಂಕಿಅಂಶದಲ್ಲೂ ಸೇರಲ್ಲ. ಡ್ಯಾಶ್‌ಬೋರ್ಡ್ ಮಾತ್ರ ‘ಬಾಕಿ ಇಲ್ಲ’ ಅಂತ ಹಸಿರು ತೋರಿಸುತ್ತಿರುತ್ತೆ.

ಹಾಗಾಗಿ ಜನರಾಗಿ ನಾವು ಮಾಡಬಹುದಾದದ್ದು ಇಷ್ಟು:

- ಅರ್ಜಿ ಕೊಟ್ಟರೆ ಸಂಖ್ಯೆ ಇರುವ ಚೀಟಿ ಇಲ್ಲದೆ ಕೌಂಟರ್ ಬಿಡಬೇಡಿ.
- ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ‘ಸಿಸ್ಟಮ್ ತಗೊಳ್ತಿಲ್ಲ’ ಎಂಬುದು ಕಾರಣವಲ್ಲ.
- ಬೆರಳಚ್ಚು ಬೀಳದಿದ್ದರೆ ಕಣ್ಣಿನ ಪಾಪೆ, ಮುಖ, ಒಟಿಪಿಯಂಥ ಬೇರೆ ದಾರಿ ಕೇಳಿ. ದೃಢೀಕರಣ ವಿಫಲವಾಯಿತೆಂದು ಸವಲತ್ತು ನಿರಾಕರಿಸಬಾರದು ಎಂದು ಆಧಾರ್ ಪ್ರಾಧಿಕಾರವೇ 2017ರ ಅಕ್ಟೋಬರ್ 24ರ ಸುತ್ತೋಲೆಯಲ್ಲಿ ಹೇಳಿದೆ.
- ದುಡ್ಡು ಬರದಿದ್ದರೆ ಮೊದಲು ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ನೋಡಿಸಿ.

ಸರ್ಕಾರ ಮಾಡಬೇಕಾದದ್ದೂ ದೊಡ್ಡ ಖರ್ಚಿನದ್ದಲ್ಲ. ಸರ್ವರ್ ನಿಂತ ದಿನ ಕಾಗದದ ಅರ್ಜಿ ಪಡೆದು ಅದೇ ದಿನಾಂಕದಿಂದ ಸಕಾಲದ ಲೆಕ್ಕ ಹಿಡಿಯಲಿ. ಯಾವ ಕೇಂದ್ರದಲ್ಲಿ ಎಷ್ಟು ಹೊತ್ತು ಸರ್ವರ್ ನಿಂತಿತ್ತು ಎಂಬುದನ್ನು ಪ್ರತಿ ತಿಂಗಳು ಪ್ರಕಟಿಸಲಿ. ಯಾವುದೇ ಕಾರ್ಡ್ ಅಥವಾ ಪಿಂಚಣಿ ನಿಲ್ಲಿಸುವ ಮುಂಚೆ ಕನ್ನಡದಲ್ಲಿ ನೋಟಿಸ್ ಕೊಡಲಿ. ಕನ್ನಡದ ಹೆಸರು ತಾಳೆಯಾಗಿ ಇಂಗ್ಲಿಷ್ ಕಾಗುಣಿತ ಮಾತ್ರ ಬೇರೆ ಇದ್ದರೆ ಅದನ್ನು ಒಬ್ಬರೇ ಎಂದು ಒಪ್ಪುವ ಅಧಿಕಾರವನ್ನು ಕೌಂಟರಿನ ನೌಕರರಿಗೆ ವಾಪಸ್ ಕೊಡಲಿ.

25 ವರ್ಷದ ಹಿಂದೆ ‘ಲೆಕ್ಕಿಗರು ಊರಲ್ಲಿಲ್ಲ’ ಎಂಬ ಉತ್ತರ ಸಿಗುತ್ತಿತ್ತು. ಆದರೆ ಆ ಲೆಕ್ಕಿಗರಿಗೆ ಒಂದು ಹೆಸರಿತ್ತು, ಒಂದು ಮನೆಯಿತ್ತು, ಅವರ ಮೇಲೊಬ್ಬ ತಹಸೀಲ್ದಾರರಿದ್ದರು. ಸರ್ವರಿಗೆ ಇದ್ಯಾವುದೂ ಇಲ್ಲ. ಅದು ಬಿದ್ದ ದಿನ ಉತ್ತರ ಹೇಳುವ ಅಧಿಕಾರಿ ಯಾರು, ಅವರ ಫೋನ್ ನಂಬರ್ ಏನು ಎಂಬುದನ್ನು ಪ್ರತಿ ಸೇವಾ ಕೇಂದ್ರದ ಗೋಡೆಯ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಸುವುದರಿಂದ ಕೆಲಸ ಶುರುವಾಗಲಿ.